ನನ್ನ ಎದುರಿಗೇ ಮಾಡಿದಳು

ಹಾಚಿಪುಕಾ ಸಿಡುಕಿನ ಹೆಂಗಸಾಗಿದ್ದಿದ್ದರೆ ಸೂಲಗಿತ್ತಿ ಶಾಲೆಯಲ್ಲಿ ಪಾಠ ಮಾಡುವ ಬಸೆಮೆರಾಗೆ ಇಷ್ಟು ಭಯವಾಗುತ್ತಿರಲಿಲ್ಲ. ಸಿಡುಕುವವರನ್ನು ಅವಳು ಬೇಕಾದಷ್ಟು ಕಂಡಿದ್ದಳು. ಕಂಪಾಲಾದಿಂದ ಬಂದು, ಕಕ್ಕಸಿನ ಬಾಗಿಲಿಗೆ ಚಿಲಕವಿಲ್ಲವೆಂದು ಕೂಗಾಡಿ, ಕೋಳಿ ಸಾರು ಉಂಡು ಹೋಗುವವರು. ತಪಾಸಣೆಗೆ ಬಂದ ಈ ಜಾಂಬಿಯಾದ ಡಾಕ್ಟರು ಹಾಗಲ್ಲ. ಬಂದ ದಿನವೇ, "ನಿಮ್ಮ ತೂರೋ ಜನಕ್ಕೆಲ್ಲ ಒಂದೊಂದು ಅಕ್ಕರೆಯ ಹೆಸರು ಇರುತ್ತಂತಲ್ಲ, ನನಗೂ ಒಂದು ಕೊಡಿ" ಎಂದು ಕೇಳಿ ಅಮೂಟಿ ಎಂದು ಕರೆಸಿಕೊಂಡಿದ್ದಳು. ಶಾಲೆಯ ಅಡುಗೆಯವಳಿಂದ ಹಿಡಿದು ಎಲ್ಲರ ಅಕ್ಕರೆಯ ಹೆಸರನ್ನೂ ಪುಸ್ತಕದಲ್ಲಿ ಬರೆದುಕೊಂಡಿದ್ದಳು, ಮಾರನೆಯ ದಿನ ಒಂದನ್ನೂ ತಪ್ಪದೆ ಕರೆದಳು. ಬಸೆಮೆರಾಳನ್ನು ಅಬ್ವೋಲಿ ಎಂದಳು. ಇಷ್ಟು ಜ್ಞಾಪಕಶಕ್ತಿ ಇರುವ ಹೆಂಗಸು ಏನನ್ನೂ ಮರೆಯುವುದಿಲ್ಲ ಎಂದುಕೊಂಡು ಬಸೆಮೆರಾ ಆ ರಾತ್ರಿ ಎರಡು ಸಲ ಎದ್ದು ಬಾಗಿಲು ಹಾಕಿದೆಯೇ ಎಂದು ನೋಡಿದ್ದಳು. ಇವತ್ತು ಬೆಳಿಗ್ಗೆ ಗಾಡಿಯ ಹಿಂದಿನ ಸೀಟಿನಲ್ಲಿ ಆ ಹೆಂಗಸಿನ ಪಕ್ಕ ಕೂತಿದ್ದಾಳೆ. ಹಾಚಿಪುಕಾಳ ತೊಡೆಯ ಮೇಲೆ ನೀಲಿ ಫೈಲು ಇದೆ. ಫೈಲಿನೊಳಗೆ ಏನಿದೆ ಎಂದು ಕೇಳುವುದು ಸಹಜವಾಗಿಯೇ ಇರುತ್ತಿತ್ತು. ಆದರೆ ಊರು ದಾಟಿ ಟೀ ತೋಟಗಳು ಶುರುವಾದರೂ ಬಸೆಮೆರಾ ಕೇಳಲಿಲ್ಲ.

ಒಂಬತ್ತು ವರ್ಷದ ಹಿಂದೆ ಐದು ದೇಶಗಳ ಹನ್ನೊಂದು ಸೂಲಗಿತ್ತಿ ಶಾಲೆಗಳು ಸೇರಿ ಒಂದು ಒಕ್ಕೂಟ ಮಾಡಿಕೊಂಡಿದ್ದವು. ಒಂದೇ ಪಾಠ, ಒಂದೇ ಪುಸ್ತಕ, ವರ್ಷಕ್ಕೆರಡು ಕಾರ್ಯಾಗಾರ, ಎಲ್ಲರೂ ಸೇರಿ ಒಂದಿಷ್ಟು ಸಂಶೋಧನೆ. ಈಗ ಅದು ಮುಂದುವರಿಯಬೇಕೋ ಬೇಡವೋ ಎಂದು ತೀರ್ಮಾನವಾಗಬೇಕಿತ್ತು. ಅದಕ್ಕೆ ಮೊದಲು, ಒಕ್ಕೂಟದಿಂದ ನಿಮ್ಮಲ್ಲಿ ಏನು ಬದಲಾಯಿತು, ಒಂದು ಪುಟದಲ್ಲಿ ಬರೆಯಿರಿ ಎಂದು ಪ್ರತಿ ಶಾಲೆಗೂ ಕಾಗದ ಬಂದಿತ್ತು. ಪ್ರಿನ್ಸಿಪಾಲರು ಆ ಕಾಗದವನ್ನು ಬಸೆಮೆರಾಳ ಮೇಜಿನ ಮೇಲಿಟ್ಟು, "ನಿಮ್ಮ ಕೈ ಬರವಣಿಗೆಗೆ ಕೂತ ಕೈ, ನೀವೇ ಬರೀರಿ" ಎಂದು ಹೋಗಿದ್ದರು. ಅವಳು ತನ್ನ ಹಳೆಯ ವಿದ್ಯಾರ್ಥಿನಿ ಕಬಹೆಂಡಾಳ ಬಗ್ಗೆ ಬರೆದಳು. ಬೆಟ್ಟದ ಬುಡದ ಆರೋಗ್ಯ ಕೇಂದ್ರದಲ್ಲಿ ಒಬ್ಬಳೇ ಸೂಲಗಿತ್ತಿಯಾಗಿ ನಾಲ್ಕು ವರ್ಷ ದುಡಿದವಳು. ಬೇರೆಯವರು ಆರು ತಿಂಗಳಿಗೆ ವರ್ಗ ಮಾಡಿಸಿಕೊಂಡು ಓಡಿಹೋದ ಜಾಗದಲ್ಲಿ ಗಟ್ಟಿಯಾಗಿ ನಿಂತವಳು. ಬರೆಯುತ್ತಾ ಹೋದ ಹಾಗೆ ಬಸೆಮೆರಾಗೆ ನಿಜವಾಗಿಯೂ ಹೆಮ್ಮೆಯಾಯಿತು, ಕಣ್ಣು ಒದ್ದೆಯಾಯಿತು. ಕೊನೆಯ ಸಾಲು ತಾನಾಗಿಯೇ ಬಂತು: ಈ ನಾಲ್ಕು ವರ್ಷಗಳಲ್ಲಿ ಆ ಕೇಂದ್ರದಲ್ಲಿ ಒಬ್ಬ ತಾಯಿಯೂ ಸತ್ತಿಲ್ಲ. ಅದು ಸುಳ್ಳಲ್ಲ. ಕಟುಸಾಬೆ ಎಂಬ ಬಾಣಂತಿ ಸತ್ತದ್ದು ಕೇಂದ್ರದಲ್ಲಲ್ಲ. ಟೀ ಎಲೆ ಸಾಗಿಸುವ ಪಿಕಪ್ಪಿನ ಹಿಂಭಾಗದಲ್ಲಿ, ತೂಕದ ಶೆಡ್ಡಿನ ಹತ್ತಿರ, ಆಸ್ಪತ್ರೆ ಇನ್ನೂ ಒಂದು ಗಂಟೆ ದೂರವಿದ್ದಾಗ. ಎಲೆ ಕೀಳುವ ಹೆಂಗಸರು ತಾವು ಸೊಂಟಕ್ಕೆ ಕಟ್ಟಿದ್ದ ಪ್ಲಾಸ್ಟಿಕ್ಕಿನ ಹಾಳೆ ಬಿಚ್ಚಿ ಅವಳಿಗೆ ಹೊದಿಸಿದರಂತೆ. ಹೀಗಾಗಿ ಅವಳ ಸಾವು ಕೇಂದ್ರದ ರಿಜಿಸ್ಟರಿನಲ್ಲೂ ಇಲ್ಲ, ಆಸ್ಪತ್ರೆಯ ರಿಜಿಸ್ಟರಿನಲ್ಲೂ ಇಲ್ಲ. ಹನ್ನೊಂದು ಶಾಲೆಗಳ ಹನ್ನೊಂದು ಪುಟಗಳಲ್ಲಿ ಹಾಚಿಪುಕಾ ಕಣ್ಣಾರೆ ನೋಡಬೇಕೆಂದು ಆರಿಸಿಕೊಂಡದ್ದು ಈ ಒಂದನ್ನು.

"ಅಬ್ವೋಲಿ, ರಾತ್ರಿ ನಿದ್ದೆ ಮಾಡಿಲ್ವಾ? ಕಣ್ಣೆಲ್ಲ ಕೆಂಪಾಗಿದೆ," ಎಂದಳು ಹಾಚಿಪುಕಾ.

"ಪರೀಕ್ಷೆ ಪೇಪರ್ ತಿದ್ದೋದಿತ್ತು."

ಗಾಡಿ ಓಡಿಸುತ್ತಿದ್ದ ಮುದುಕ ರ್‍ವಕೈಕಾರಾ ಕನ್ನಡಿಯಲ್ಲಿ ನೋಡಿ ನಕ್ಕ. ಶಾಲೆಯಲ್ಲಿ ಇಪ್ಪತ್ತು ವರ್ಷದಿಂದ ಡ್ರೈವರಾಗಿದ್ದವನು. ಯಾರ ಮುಖ ನೋಡಿಯೂ ಮಾತು ತಡೆದವನಲ್ಲ. "ಪೇಪರ್ ತಿದ್ದೋಕೆ ಕಣ್ಣು ಯಾಕ್ ಕೆಂಪಾಗ್ಬೇಕು ಅಬ್ವೋಲಿ? ನಮ್ಮ ಹುಡ್ಗೀರು ಎಲ್ಲಾರೂ ಒಂದೇ ಉತ್ರ ಬರ್ದಿರ್ತಾರಲ್ಲ. ಒಂದ್ ತಿದ್ದಿದ್ರೆ ಅರವತ್ತೂ ತಿದ್ದಿದ ಹಾಗೆ."

"ಆರಾಲಿ, ನೀವು ರಸ್ತೆ ನೋಡಿ," ಎಂದು ಬಸೆಮೆರಾ ಅವನ ಅಕ್ಕರೆಯ ಹೆಸರು ಹಿಡಿದು ಗದರಿದಳು.

"ರಸ್ತೆ ಎಲ್ಲಿದೆ, ನೋಡೋಕೆ?"

ಹಾಚಿಪುಕಾ ಮನಸಾರೆ ನಕ್ಕಳು. ಬಸೆಮೆರಾ ಕೂಡ ನಕ್ಕಳು, ಅಥವಾ ಅವಳ ಬಾಯಿ ನಕ್ಕಿತು. ಅರವತ್ತು ಎಂಬ ಮಾತು ಅವಳಿಗೆ ನಾಟಿತ್ತು. ಅರವತ್ತು ಹುಡುಗಿಯರು, ಮೂರು ಜನ ಮೇಷ್ಟರು. ಪ್ರತಿ ಹುಡುಗಿಗೂ ಒಕ್ಕೂಟ ಕೊಟ್ಟ ಪುಸ್ತಕದಲ್ಲಿ ಒಂದೊಂದು ಕೆಲಸಕ್ಕೆ, ಮಾಡುವ ಕ್ರಮದ ಸಮೇತ, ಒಂದೊಂದು ಪುಟ: ಹೆರಿಗೆ, ಹೊಲಿಗೆ, ಉಸಿರಾಡದ ಕೂಸಿಗೆ ಉಸಿರು ಕೊಡುವುದು, ಹೆರಿಗೆಯಾದ ಮೇಲೂ ಗರ್ಭಕೋಶಕ್ಕೆ ಅಂಟಿಕೊಂಡ ಮಾಸನ್ನು ಕೈ ಹಾಕಿ ತೆಗೆಯುವುದು. ಪ್ರತಿ ಪುಟದ ಕೆಳಗೂ ಅಚ್ಚಾದ ಸಾಲು: ಇದನ್ನು ಈಕೆ ನನ್ನ ಎದುರಿಗೇ ಮಾಡಿದಳು. ಅದರ ಕೆಳಗೆ ಮೇಷ್ಟರ ಸಹಿ. ಹುಡುಗಿಯರು ಎರಡೆರಡು ದಿನದ ದಾರಿಯ ಹಳ್ಳಿಗಳಿಗೆ ತರಬೇತಿಗೆ ಹೋಗುವವರು. ಅರವತ್ತು ಹಳ್ಳಿಗಳಲ್ಲಿ ಅರವತ್ತು ಹೆರಿಗೆ ಮಂಚಗಳ ಪಕ್ಕ ನಿಲ್ಲಲು ಬಸೆಮೆರಾಗೆ ಎಷ್ಟು ಕಾಲುಗಳು ಬೇಕು? ಹೊರಡುವ ದಿನ ಬೆಳಿಗ್ಗೆ ಪುಸ್ತಕಗಳನ್ನೆಲ್ಲ ಅವಳ ಮೇಜಿನ ಮೇಲೆ ಒಟ್ಟುತ್ತಿದ್ದರು. ಅವಳು ಚಹಾ ಕುಡಿಯುತ್ತಾ ಖಾಲಿ ಪುಟಗಳಿಗೆ ಸಹಿ ಹಾಕುತ್ತಿದ್ದಳು. ದಿನಾಂಕವನ್ನು ಹುಡುಗಿಯರು ಆಮೇಲೆ ತುಂಬಿಕೊಳ್ಳುವರು. ಅವಳೊಬ್ಬಳೇ ಅಲ್ಲ, ಮೂವರೂ ಹಾಗೆಯೇ. ಬೇರೆ ಶಾಲೆಗಳಲ್ಲೂ ಹಾಗೆಯೇ ಎಂದು ಕಾರ್ಯಾಗಾರಗಳ ಬಿಡುವಿನಲ್ಲಿ ಕೇಳಿ ತಿಳಿದಿದ್ದಳು. ಸಹಿ ಹಾಕುವಾಗ ಎಂದೂ ಅದು ತಪ್ಪೆನಿಸಿರಲಿಲ್ಲ. ಹುಡುಗಿಯರ ಬೆನ್ನು ತಟ್ಟಿ ಕಳಿಸಿದಂತೆ ಅನಿಸುತ್ತಿತ್ತು. ಕಬಹೆಂಡಾಳ ಪುಸ್ತಕಕ್ಕೆ ಸಹಿ ಹಾಕಿದ್ದು ಅವಳಿಗೆ ನೆನಪೇ ಇರಲಿಲ್ಲ. ನೆನಪಾದದ್ದು ಕಟುಸಾಬೆ ಸತ್ತ ಆ ಗುರುವಾರ ಮಧ್ಯಾಹ್ನ.

ಪರೀಕ್ಷಾ ಮಂಡಳಿಯ ಸಭೆ ಮುಗಿದು ಎಲ್ಲರೂ ಊಟಕ್ಕೆ ಕೂತಿದ್ದರು. ರಾಗಿ ಮುದ್ದೆ, ಸಿಪ್ಪೆ ತೆಗೆದ ಬೀನ್ಸ್ ಕಾಳಿನ ಗೊಜ್ಜು. ಬೆರಳಿಗೆ ಮುದ್ದೆ ಮೆತ್ತಿಕೊಂಡಿದ್ದಾಗ ಕಬಹೆಂಡಾಳ ಫೋನು ಬಂತು. ಎಡಗೈಯಲ್ಲಿ ಎತ್ತಿದಳು. "ಅಬ್ವೋಲಿ, ಮಾಸು ಬರ್ತಿಲ್ಲ. ರಕ್ತ ನಿಲ್ತಿಲ್ಲ. ನಾನು ಕೈ ಹಾಕಿ ಯಾವತ್ತೂ ತೆಗ್ದಿಲ್ಲ ಅಬ್ವೋಲಿ. ಹೇಗೆ ಹಾಕ್ಬೇಕು? ಹೇಳ್ಕೊಡಿ, ನೀವು ಹೇಳ್ತಾ ಹೋಗಿ ನಾನು ಮಾಡ್ತೀನಿ." ದನಿ ಜೋರಾಗಿತ್ತು, ಪಕ್ಕದವರಿಗೂ ಕೇಳುವಷ್ಟು. ಮೇಜಿನ ಆಚೆ ಮಂಡಳಿಯ ಅಧ್ಯಕ್ಷರು ತಲೆ ಎತ್ತಿದರು. ಬಸೆಮೆರಾ ಎದ್ದು ಹೊರಗೆ ಹೋಗಬಹುದಿತ್ತು. ಕೂತಲ್ಲಿಂದಲೇ, "ರಿಸ್ಕ್ ತಗೋಬೇಡ, ಆಸ್ಪತ್ರೆಗೆ ಕಳಿಸು" ಎಂದಳು. "ಗಾಡಿ ಇಲ್ಲ." "ಹುಡುಕು. ಕಳಿಸು." ಫೋನಿಟ್ಟು, ಅಧ್ಯಕ್ಷರ ಕಡೆ ತಿರುಗಿ, "ಹಳೇ ಹುಡುಗಿ, ಈಗ್ಲೂ ಎಲ್ಲದಕ್ಕೂ ನನ್ನೇ ಕೇಳ್ತಾಳೆ" ಎಂದು ನಕ್ಕಳು. ಆ ನಗು ನೆನಪಾದಾಗೆಲ್ಲ ಅವಳಿಗೆ ಮೈ ಬೆವರುತ್ತದೆ, ಈಗಲೂ, ಈ ಗಾಡಿಯಲ್ಲಿ, ಕಿಟಕಿಯಿಂದ ತಣ್ಣನೆ ಗಾಳಿ ಬರುತ್ತಿದ್ದರೂ. ಹಾಚಿಪುಕಾ ಹೊರಗೆ ನೋಡುತ್ತಾ, "ಅದೇನು ಆ ಶೆಡ್ಡು, ಅಷ್ಟೊಂದು ಜನ?" ಎಂದು ಕೇಳಿದಳು.

"ಎಲೆ ತೂಗೋ ಜಾಗ," ಎಂದ ರ್‍ವಕೈಕಾರಾ.

ಬಸೆಮೆರಾ ತನ್ನ ಚೀಲದಲ್ಲಿ ಏನೋ ಹುಡುಕುವವಳಂತೆ ತಲೆ ತಗ್ಗಿಸಿದಳು. ಶೆಡ್ಡು ಹಿಂದಾಗುವವರೆಗೂ ಹುಡುಕಿದಳು.

ಅವಳಿಗಿದ್ದದ್ದು ಒಂದೇ ಭಯ, ಅದಕ್ಕೆ ಎರಡು ಮುಖ. ಕಬಹೆಂಡಾ ಬಾಯಿ ಬಿಟ್ಟರೆ ಏನು ಗತಿ ಎಂಬುದು ಒಂದು: ಕೆಲಸ ಹೋಗುತ್ತದೆ, ಶಾಲೆಯ ಮಾನ ಹೋಗುತ್ತದೆ, ಬಹುಶಃ ಒಕ್ಕೂಟವೇ ಮುಳುಗುತ್ತದೆ. ಕಬಹೆಂಡಾ ಬಾಯಿ ಬಿಡದೆ ತನ್ನನ್ನು ಉಳಿಸಿಬಿಟ್ಟರೆ ಎಂಬುದು ಇನ್ನೊಂದು. ಬೇಕಾದ್ದು ಎರಡನೆಯದೇ, ಬೆಳಿಗ್ಗೆ ದೇವರಲ್ಲಿ ಕೇಳಿಕೊಂಡದ್ದೂ ಅದನ್ನೇ. ಆದರೆ ಆ ಹುಡುಗಿಯ ಮುಖವನ್ನು ಹೇಗೆ ನೋಡುವುದು? ಕಟುಸಾಬೆ ಸತ್ತ ಮೇಲೆ ಅವಳು ಒಂದು ಸಲವೂ ಫೋನು ಮಾಡಿರಲಿಲ್ಲ.

ಕೇಂದ್ರದ ಅಂಗಳದಲ್ಲಿ ಕಬಹೆಂಡಾ ಕಾಯುತ್ತಿದ್ದಳು. ತೆಳ್ಳಗಾಗಿದ್ದಳು. ಗುಲಾಬಿ ಸಮವಸ್ತ್ರ ಇಸ್ತ್ರಿ ಮಾಡಿತ್ತು. ಅವಳು ಹಾಚಿಪುಕಾಳಿಗೆ ಮಂಡಿ ಬಾಗಿ ವಂದಿಸಿದಳು, ರ್‍ವಕೈಕಾರಾನನ್ನು ಆರಾಲಿ ಎಂದು ಕರೆದು ಅವನ ಮೊಮ್ಮಕ್ಕಳನ್ನು ವಿಚಾರಿಸಿದಳು. ಆಮೇಲೆ ಬಸೆಮೆರಾಳ ಕಡೆ ತಿರುಗಿ, "ಬನ್ನಿ ಮೇಡಂ" ಎಂದಳು. ಅಬ್ವೋಲಿ ಎನ್ನಲಿಲ್ಲ. ತೂರೋ ಜನರಲ್ಲಿ ಜಗಳವಾಡಿದ ಅತ್ತೆ ಸೊಸೆಯರೂ ಅಕ್ಕರೆಯ ಹೆಸರು ಬಿಟ್ಟು ಮಾತಾಡುವುದಿಲ್ಲ. ಬಿಟ್ಟರೆ ಅಲ್ಲಿಗೆ ಮುಗಿಯಿತು ಎಂದೇ. "ಚೆನ್ನಾಗಿದ್ದೀಯಾ ಅಕಿಕಿ?" ಎಂದು ಬಸೆಮೆರಾ ಅವಳ ಅಕ್ಕರೆಯ ಹೆಸರು ಹಿಡಿದೇ ಕೇಳಿದಳು. "ಇದೀನಿ ಮೇಡಂ." ಹಾಚಿಪುಕಾ ಇಬ್ಬರನ್ನೂ ಒಂದು ಕ್ಷಣ ನೋಡಿದಳು ಎಂದು ಬಸೆಮೆರಾಗೆ ಅನಿಸಿತು, ನೋಡಿರಲಿಕ್ಕಿಲ್ಲ.

ಹೆರಿಗೆ ಕೋಣೆ ಕನ್ನಡಿಯ ಹಾಗಿತ್ತು. ಮಂಚದ ರಬ್ಬರು ಹಾಳೆಯ ಮೇಲೆ ಒಂದು ಕಲೆಯಿಲ್ಲ. ಉದ್ದ ಕೈಗವಸುಗಳ ಪೊಟ್ಟಣಗಳು ಸೀಲು ಒಡೆಯದೆ ಸಾಲಾಗಿ ನಿಂತಿದ್ದವು. ಹಾಚಿಪುಕಾ ಮೆಚ್ಚಿ ಫೋಟೋ ತೆಗೆದುಕೊಂಡಳು. ಬಸೆಮೆರಾ ರಿಜಿಸ್ಟರು ತಿರುಗಿಸಿದಳು, ಕೈಗೆ ಏನಾದರೂ ಕೆಲಸ ಬೇಕಾಗಿತ್ತು. ಮೊದಲ ಮೂರು ವರ್ಷಗಳಲ್ಲಿ ಒಂದೊಂದು ಪುಟ ತುಂಬಾ ಹೆರಿಗೆಗಳು. ಆ ಗುರುವಾರದಿಂದೀಚೆಗೆ ಕಡೆಯ ಅಂಕಣದಲ್ಲಿ ಒಂದೇ ಮಾತು, ಅಚ್ಚುಕಟ್ಟಾದ ಅಕ್ಷರಗಳಲ್ಲಿ: ಕಳುಹಿಸಲಾಗಿದೆ. ಕಳುಹಿಸಲಾಗಿದೆ. ಕಳುಹಿಸಲಾಗಿದೆ. ಮೊದಲ ಬಸಿರಿನವಳು, ಆರನೆಯ ಬಸಿರಿನವಳು, ಯಾವ ತೊಂದರೆಯೂ ಇಲ್ಲದವಳು, ಎಲ್ಲರೂ. ಎಂಟು ತಿಂಗಳಿಂದ ಈ ಮಂಚದ ಮೇಲೆ ಯಾರೂ ಹೆತ್ತಿರಲಿಲ್ಲ. ಈ ಹುಡುಗಿ ಬಾಗಿಲಿಗೆ ಬಂದವರನ್ನೆಲ್ಲ ಅದೇ ರಸ್ತೆಗೆ ಅಟ್ಟುತ್ತಿದ್ದಾಳೆ. ತಾನು ಫೋನಿನಲ್ಲಿ ಹೇಳಿದ ಒಂದು ಮಾತನ್ನು ಅವಳು ಇವತ್ತಿನವರೆಗೂ ಪಾಲಿಸುತ್ತಿದ್ದಾಳೆ. ಬಸೆಮೆರಾ ರಿಜಿಸ್ಟರು ಮುಚ್ಚಿ, ಅದರ ಮೇಲೆ ತನ್ನ ಚೀಲವನ್ನಿಟ್ಟಳು.

ಹಾಚಿಪುಕಾ ಬೆಂಚಿನ ಮೇಲೆ ಕೂತು ನೀಲಿ ಫೈಲು ಬಿಚ್ಚಿದಳು. ಕಬಹೆಂಡಾಳ ಪುಸ್ತಕದ ಒಂದು ಪುಟದ ನಕಲು, ಒಂದು ದೊಡ್ಡ ಫೋಟೋ. "ಸಣ್ಣ ವಿಷಯ ಅಬ್ವೋಲಿ, ಸುಮ್ನೆ ಕೇಳ್ತಿದೀನಿ. ಮಾಸು ತೆಗ್ದಿದ್ದು ಏಪ್ರಿಲ್ ಹದಿನಾಲ್ಕು ಅಂತಿದೆ, ನಿಮ್ಮ ಎದುರಿಗೇ ಮಾಡಿದ್ದು ಅಂತ ನಿಮ್ಮ ಸಹಿ ಇದೆ. ಆ ವಾರ ಜಾಂಬಿಯಾದ ಲುಸಾಕಾದಲ್ಲಿ ನಮ್ಮ ಕಾರ್ಯಾಗಾರ ಇತ್ತು. ಪಕ್ಕದಲ್ಲಿ ನಿಂತು ಕಲಿಸೋದು ಹೇಗೆ ಅಂತ. ನೂರು ಜನ ಇದ್ರು, ನಿಮಗೆ ನನ್ನ ನೆನಪಿರಲ್ಲ. ಇಲ್ನೋಡಿ, ಎರಡನೇ ಸಾಲು, ಹಳದಿ ಬಟ್ಟೆ. ಇದು ನೀವೇ ಅಲ್ವಾ?"

ಫೋಟೋದಲ್ಲಿ ಬಸೆಮೆರಾ ಬಾಯ್ತುಂಬ ನಗುತ್ತಿದ್ದಳು. ಈಗ ಹೇಳಿಬಿಡಬೇಕು ಎಂದುಕೊಂಡಳು, ಹೇಳಲು ಬಾಯಿಯನ್ನೂ ತೆರೆದಳು. "ತಾರೀಖು ಹುಡುಗೀರು ಬರ್ಕೊಳ್ಳೋದು. ಇವಳು ತಪ್ಪು ಬರ್ದಿರ್ಬೇಕು. ಮೊದಲಿಂದ್ಲೂ ಇವಳಿಗೆ ಸ್ವಲ್ಪ ನಿಗಾ ಕಡಿಮೆ."

ಕಬಹೆಂಡಾ ಗೋಡೆಗೆ ಒರಗಿ ನಿಂತಿದ್ದಳು. ಅವಳ ಮುಖದಲ್ಲಿ ಸಿಟ್ಟು ಕಾಣಲಿಲ್ಲ. "ಹೌದು ಡಾಕ್ಟ್ರೇ. ನನ್ನದೇ ತಪ್ಪು," ಎಂದಳು. "ಮೇಡಂ ಪಕ್ಕದಲ್ಲೇ ಇದ್ರು."

ಹಾಚಿಪುಕಾ ಪುಟದ ಅಂಚಿನಲ್ಲಿ ಏನೋ ಗುರುತು ಹಾಕಿಕೊಂಡಳು. ಉಳಿದೆ ಎನ್ನುವ ಸಮಾಧಾನ ಬಸೆಮೆರಾಳ ಮೈಯೆಲ್ಲ ಬೆಚ್ಚಗೆ ಹರಡಿತು. ಅದರ ಹಿಂದೆಯೇ ತನ್ನ ಬಗ್ಗೆ ಎಂಥದೋ ಹೇಸಿಗೆ ಬಂತು. ಅಷ್ಟರಲ್ಲಿ ಅಂಗಳದಲ್ಲಿ ಬೈಕು ನಿಂತ ಸದ್ದು, ಹೆಂಗಸಿನ ನರಳಾಟ.

ಬಂದವಳ ಹೆಸರು ಸ್ಕೋವಿಯಾ, ನಾಲ್ಕನೆಯ ಹೆರಿಗೆ. ಬಾಡಿಗೆ ಬೈಕಿನವನು ಅವಳನ್ನು ತೋಳು ಹಿಡಿದು ಇಳಿಸಿ, ಯಾರೂ ಏನೂ ಕೇಳುವ ಮೊದಲೇ ಬೈಕು ತಿರುಗಿಸಿಕೊಂಡು ಹೋದ. ಕಬಹೆಂಡಾ ಓಡಿಬಂದು, "ಇವತ್ತು ಆಗಲ್ಲ, ಗಾಡಿ ಇದೆ, ಆಸ್ಪತ್ರೆಗೆ..." ಎನ್ನುತ್ತಿದ್ದಂತೆ ಸ್ಕೋವಿಯಾ ಮಂಚ ಹತ್ತಿ ಕಾಲು ಮಡಚಿದಳು. "ಗೊತ್ತು ಕಣೇ ನಿನ್ ಆಟ," ಎಂದಳು ಹಲ್ಲು ಕಚ್ಚಿ. "ಬೇಗ ಬಂದ್ರೆ ಓಡಿಸ್ತೀಯ. ಊರವ್ರಿಗೆಲ್ಲ ಗೊತ್ತು. ಅದಕ್ಕೇ ಬಾಳೆ ತೋಟದಲ್ಲಿ ಕೂತಿದ್ದು ಈಗ ಬಂದೆ. ಓಡ್ಸು ನೋಡೋಣ ಈಗ." ತಲೆ ಕಾಣಿಸುತ್ತಿತ್ತು. ಕಬಹೆಂಡಾಳ ಕೈಗಳು ತಾವಾಗಿಯೇ ಕೆಲಸಕ್ಕಿಳಿದವು. ಹತ್ತು ನಿಮಿಷದಲ್ಲಿ ಹೆಣ್ಣು ಕೂಸು ಹುಟ್ಟಿ ಅತ್ತಿತು. ಹಾಚಿಪುಕಾ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದಳು. ಕಬಹೆಂಡಾ ಚುಚ್ಚುಮದ್ದು ಕೊಟ್ಟಳು, ಹೊಕ್ಕುಳ ಬಳ್ಳಿ ಹಿಡಿದಳು, ಕಾದಳು. ಗೋಡೆಯ ಗಡಿಯಾರ ಹನ್ನೆರಡೂ ಹತ್ತು ತೋರಿಸುತ್ತಿತ್ತು. ಹನ್ನೆರಡೂ ಇಪ್ಪತ್ತಾಯಿತು. ಮಾಸು ಬರಲಿಲ್ಲ.

ಬರುತ್ತದೆ ಎಂದುಕೊಂಡಳು ಬಸೆಮೆರಾ. ಬರಲೇಬೇಕು, ಅರ್ಧ ಗಂಟೆಯವರೆಗೂ ಕಾಯಬಹುದು, ಪುಸ್ತಕದಲ್ಲಿ ಹಾಗೇ ಇದೆ. ಹನ್ನೆರಡೂ ಇಪ್ಪತ್ತೈದಕ್ಕೆ ರಕ್ತ ಶುರುವಾಯಿತು. ಮೊದಲು ಸಣ್ಣಗೆ, ಆಮೇಲೆ ತಡೆಯಿಲ್ಲದೆ, ಆ ಶುಭ್ರವಾದ ರಬ್ಬರು ಹಾಳೆಯ ಮೇಲೆ ಹರಿದು ಬಕೆಟ್ಟಿಗೆ ಬೀಳತೊಡಗಿತು. ಕಬಹೆಂಡಾಳ ಮುಖ ಬೂದಿಯಾಯಿತು. ಅವಳು ಸಲೈನಿನ ಬಾಟಲಿ ನೇತು ಹಾಕಿದಳು. ಕಿಟಕಿಯಾಚೆ ಶಾಲೆಯ ಗಾಡಿ ನಿಂತಿತ್ತು, ರ್‍ವಕೈಕಾರಾ ಬಾನೆಟ್ಟಿನ ಮೇಲೆ ಮೊಣಕೈ ಊರಿದ್ದ. "ಗಾಡಿ ಇದೆ ಮೇಡಂ," ಎಂದಳು ಕಬಹೆಂಡಾ. "ಈ ಸಲ ಒಳ್ಳೆ ಗಾಡಿ ಇದೆ. ಕಳಿಸೋಣ." ಎರಡು ಗಂಟೆಯ ದಾರಿ. ಬಸೆಮೆರಾ ಬಕೆಟ್ಟು ನೋಡಿದಳು. ಎರಡು ಗಂಟೆಗೆ ಸಾಲುವಷ್ಟು ರಕ್ತ ಈ ಹೆಂಗಸಿನಲ್ಲಿ ಇರಲಿಲ್ಲ.

"ಈ ಸಲ ಅಂದ್ರೆ?" ಎಂದಳು ಹಾಚಿಪುಕಾ ಬಾಗಿಲಿಂದ.

"ನೀವೇ ಮಾಡಿ ಮೇಡಂ," ಎಂದಳು ಕಬಹೆಂಡಾ. "ನನ್ನ ಕೈಲಾಗಲ್ಲ. ಪಕ್ಕದಲ್ಲಿ ನಿಂತು ನೋಡ್ತೀನಿ. ಕಲೀತೀನಿ."

ಶಾಲೆಯ ಪ್ರಯೋಗಾಲಯದಲ್ಲಿ ಒಕ್ಕೂಟದವರು ಕೊಟ್ಟ ರಬ್ಬರಿನ ಗೊಂಬೆ ಇದೆ, ಸೊಂಟದಿಂದ ತೊಡೆಯವರೆಗೆ. ಅದರೊಳಗಿನ ರಬ್ಬರಿನ ಮಾಸನ್ನು ಬಸೆಮೆರಾ ಕಣ್ಣು ಮುಚ್ಚಿ ತೆಗೆಯಬಲ್ಲಳು, ಮಾತಾಡುತ್ತಾ ತೆಗೆಯಬಲ್ಲಳು. ಹದಿನೇಳು ವರ್ಷದಿಂದ ತೆಗೆದು ತೋರಿಸುತ್ತಿದ್ದಾಳೆ. ಅದಕ್ಕೂ ಮುಂಚೆ ಐದು ವರ್ಷ ಪಟ್ಟಣದ ದೊಡ್ಡ ಆಸ್ಪತ್ರೆಯಲ್ಲಿದ್ದಾಗ, ಮಾಸು ನಿಂತರೆ ಡಾಕ್ಟರನ್ನು ಕರೆಯುತ್ತಿದ್ದರು. ಅದಕ್ಕೂ ಮುಂಚೆ ತಾನೇ ವಿದ್ಯಾರ್ಥಿನಿಯಾಗಿದ್ದಾಗ, ದಪ್ಪ ಕನ್ನಡಕದ ಒಬ್ಬ ಸಿಸ್ಟರು ಅವಳ ಪುಸ್ತಕಕ್ಕೆ ಸಹಿ ಹಾಕಿಕೊಟ್ಟು, ಮುಂದೆ ಒಂದಿನ ಕಲಿತೀಯ ಬಿಡು ಎಂದಿದ್ದರು. ಆ ಗುರುವಾರ ಊಟದ ಮೇಜಿನಲ್ಲಿ ಫೋನು ಹಿಡಿದು ಅವಳು ಹೆದರಿದ್ದು ಹೇಳಿಕೊಡಲು ತನಗೇ ಬರದೆಂದು, ಅಧ್ಯಕ್ಷರಿಗೆ ಕೇಳಿಸೀತೆಂದಲ್ಲ. ಇಷ್ಟು ದಿನ ಹಾಗೆಂದೇ ತನಗೆ ತಾನು ಹೇಳಿಕೊಂಡಿದ್ದಳು. ಆ ಪಾಪ ಸಹಿಸುವಂಥದ್ದಾಗಿತ್ತು.

ಸ್ಕೋವಿಯಾ ಮಂಚದಿಂದ ತಲೆ ಎತ್ತಿದಳು. ತುಟಿ ಬಿಳಿಚಿತ್ತು. ಮೂವರು ಓದಿದ ಹೆಂಗಸರನ್ನು ಒಬ್ಬೊಬ್ಬರಾಗಿ ನೋಡಿದಳು. "ನಿಮ್ಮಲ್ಲಿ ಯಾರಿಗ್ ಗೊತ್ತು ಇದು?" ಎಂದು ಕೇಳಿದಳು.

ಹಾಚಿಪುಕಾಗೆ ತೂರೋ ಮಾತು ಬಾರದು, ಬೆಳಿಗ್ಗೆಯಿಂದ ಎಲ್ಲರೂ ಅವಳೆದುರು ಇಂಗ್ಲಿಷಿನಲ್ಲೇ ಆಡಿದ್ದರು, ಆದರೂ ಈ ಪ್ರಶ್ನೆ ಅರ್ಥವಾಗಿರಬೇಕು. ಅವಳು ಕಣ್ಣು ಕೆಳಗೆ ಹಾಕಿದಳು. "ನಾನು ರೋಗಿ ಮುಟ್ಟಿ ಹದಿನಾಲ್ಕು ವರ್ಷ ಆಯ್ತು," ಎಂದಳು ಮೆಲ್ಲಗೆ.

"ನನಗೂ ಗೊತ್ತಿಲ್ಲ," ಎಂದಳು ಬಸೆಮೆರಾ. ಮೊದಲು ತೂರೋದಲ್ಲಿ, ಆಮೇಲೆ ಹಾಚಿಪುಕಾಳಿಗೂ ತಿಳಿಯಲೆಂದು ಇಂಗ್ಲಿಷಿನಲ್ಲಿ. "ನಾನು ಯಾವತ್ತೂ ಮಾಡಿಲ್ಲ. ಗೊಂಬೆ ಮೇಲೆ ಮಾಡಿದೀನಿ ಅಷ್ಟೆ. ಇವಳ ಪಕ್ಕದಲ್ಲೂ ನಾನಿರ್ಲಿಲ್ಲ. ಯಾರ ಪಕ್ಕದಲ್ಲೂ ಇರ್ಲಿಲ್ಲ. ಕಟುಸಾಬೆ ಅಂತ ಒಬ್ಬಳು ಇದರಿಂದ್ಲೇ ಸತ್ಲು." ಹೇಳಿದ ಮೇಲೆ ಹಗುರಾಗುತ್ತದೆ ಎಂದುಕೊಂಡಿದ್ದಳು. ಆಗಲಿಲ್ಲ, ಭಯ ಇದ್ದಲ್ಲೇ ಇತ್ತು. ಗಡಿಯಾರ ಹನ್ನೆರಡೂ ಮೂವತ್ತು ತೋರಿಸುತ್ತಿತ್ತು, ರಕ್ತ ಹಾಗೆಯೇ ಬೀಳುತ್ತಿತ್ತು. "ಪುಸ್ತಕ ತಗೋ ಅಕಿಕಿ. ಆ ಪುಟ ತೆಗಿ. ಒಂದೊಂದೇ ಓದು, ಗಟ್ಟಿಯಾಗಿ. ಟೈಮ್ ನೋಡ್ಕೋ."

ಉದ್ದ ಕೈಗವಸಿನ ಸೀಲು ಒಡೆಯಲು ಬಸೆಮೆರಾ ಎರಡು ಸಲ ಪ್ರಯತ್ನಿಸಬೇಕಾಯಿತು. ಕಬಹೆಂಡಾ ನೋವಿಗೆ ಇಂಜೆಕ್ಷನ್ ಕೊಟ್ಟು ಪುಸ್ತಕ ಹಿಡಿದಳು. "ಬಳ್ಳಿ ಎಡಗೈಲಿ ಬಿಗಿಹಿಡಿ. ಬಲಗೈ ಬೆರಳು ಕೂಡಿಸಿ ಬಳ್ಳಿ ಗುಂಟ ಒಳಗೆ." ಒಳಗೆ ಬಿಸಿಯಿತ್ತು. ಗೊಂಬೆಯಲ್ಲಿ ಬಿಸಿ ಇರುವುದಿಲ್ಲ, ಇದನ್ನು ಯಾರೂ ಹೇಳಿರಲಿಲ್ಲ. ಸ್ಕೋವಿಯಾ ಕಿರುಚಿದಳು. ಹಾಚಿಪುಕಾ ಬಂದು ಅವಳ ತಲೆಯನ್ನು ಎದೆಗೆ ಒತ್ತಿಕೊಂಡು ತನ್ನ ಭಾಷೆಯಲ್ಲಿ ಏನೋ ಹೇಳತೊಡಗಿದಳು. "ಬಳ್ಳಿ ಬಿಟ್ಟು ಎಡಗೈಲಿ ಹೊಟ್ಟೆ ಮೇಲಿಂದ ಗರ್ಭಕೋಶ ಹಿಡಿ. ಮಾಸಿನ ಅಂಚು ಹುಡುಕು." ಅಂಚು ಸಿಗಲಿಲ್ಲ. ಎಲ್ಲವೂ ಒಂದೇ ಮೆತ್ತಗೆ, ಎಲ್ಲವೂ ರಕ್ತ, ಎಲ್ಲಿ ತಾಯಿ ಮುಗಿದು ಎಲ್ಲಿ ಮಾಸು ಶುರುವಾಗುತ್ತದೆ ತಿಳಿಯುತ್ತಿರಲಿಲ್ಲ. ಕೊಂದುಬಿಡುತ್ತೇನೆ, ಇವಳನ್ನು ನಾನೇ ನನ್ನ ಕೈಯಿಂದ ಕೊಂದುಬಿಡುತ್ತೇನೆ ಎನಿಸಿತು. "ಸಿಗ್ತಿಲ್ಲ," ಎಂದಳು. ಕಬಹೆಂಡಾ ಅದೇ ಸಾಲನ್ನು ಮತ್ತೆ ಓದಿದಳು, ದನಿ ಏರಿಸದೆ. ಇನ್ನೊಮ್ಮೆ ಓದಿದಳು. ಆಗ ಬೆರಳ ತುದಿಗೆ ಒಂದು ಸಣ್ಣ ಸಡಿಲು ಸಿಕ್ಕಿತು. "ಕೈಯ ಅಂಚಿಂದ, ಆ ಕಡೆ ಈ ಕಡೆ, ನಿಧಾನವಾಗಿ." ಸಡಿಲು ಅಗಲವಾಯಿತು. ಮಾಸು ಅವಳ ಅಂಗೈಗೆ ಬಂತು, ಇಡಿಯಾಗಿ.

ತಟ್ಟೆಯಲ್ಲಿ ಅದನ್ನು ಹರಡಿ, ತುಂಡೇನೂ ಒಳಗೆ ಉಳಿದಿಲ್ಲವೆಂದು ಮೂವರೂ ಬಗ್ಗಿ ನೋಡಿದರು. ಹೊಟ್ಟೆ ಉಜ್ಜುತ್ತಿದ್ದಂತೆ ಗರ್ಭಕೋಶ ಗಟ್ಟಿಯಾಯಿತು. ರಕ್ತ ಸಣ್ಣಗಾಗಿ, ತೊಟ್ಟಿಕ್ಕಿ, ನಿಂತಿತು. ಸ್ಕೋವಿಯಾ ನೀರು ಕೇಳಿದಳು, ಆಮೇಲೆ ಕೂಸನ್ನು ಕೇಳಿದಳು. ಹಾಚಿಪುಕಾ ಬೆಂಚಿನ ಮೇಲೆ ಕುಸಿದು ಕೂತು ಅಳುತ್ತಿದ್ದಳು. ನೀಲಿ ಫೈಲು ನೆಲಕ್ಕೆ ಬಿದ್ದಿತ್ತು, ಅದನ್ನು ಎತ್ತಿಕೊಳ್ಳುವ ಹಾಗೆ ಕಾಣಲಿಲ್ಲ. ಬಸೆಮೆರಾಳೊಳಗೆ ಒಂದು ಸಂತೋಷ ಏಳುತ್ತಿತ್ತು, ಹದಿನೇಳು ವರ್ಷದಲ್ಲಿ ಕಾಣದಂಥದ್ದು. ಅವಳು ನಗುತ್ತಲೇ ಕಬಹೆಂಡಾಳ ಕಡೆ ತಿರುಗಿದಳು.

ಕಬಹೆಂಡಾ ಗಡಿಯಾರ ನೋಡುತ್ತಿದ್ದಳು. ಕೈ ಒಳಗೆ ಹೋದ ಹೊತ್ತನ್ನು ಅವಳು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡಿದ್ದಳು. ಅದನ್ನು ನೋಡಿ, ಮತ್ತೆ ಗಡಿಯಾರ ನೋಡಿ, ಲೆಕ್ಕ ಹಾಕಿದಳು. ತಪ್ಪಾಯಿತೇನೋ ಎಂದು ಇನ್ನೊಂದು ಸಲ ಹಾಕಿದಳು.

"ಏಳು ನಿಮಿಷ," ಎಂದಳು. ಅವಳ ದನಿಯಲ್ಲಿ ಆಪಾದನೆ ಇರಲಿಲ್ಲ, ಬರೀ ಆಶ್ಚರ್ಯವಿತ್ತು. "ಏಳೇ ನಿಮಿಷ ಬೇಕಾಗಿದ್ದು, ಮೇಡಂ. ಆವತ್ತು ಕಟುಸಾಬೆಗೆ ನಾನು ಗಾಡಿ ಹುಡುಕೋಕೇ ನಲವತ್ತು ನಿಮಿಷ ಹಿಡೀತು. ಅಷ್ಟು ಹೊತ್ತೂ ಅವಳು ಇದೇ ಮಂಚದ ಮೇಲೆ, ನನ್ನ ಕೈ ಹಿಡ್ಕೊಂಡು, ಮಾತಾಡ್ತಾನೇ ಇದ್ಲು."